ಕವಿತೆಗೆ ಪರವಾನಿಗೆ ಕೊಡುವವರು ಯಾರು?

ದುಡಿಯುವವನಿಗೆ ಕಾವ್ಯವೇಕೆ ಎಂದು ಕೇಳುವ ಮಹಾಶಯರು ನಮ್ಮಲ್ಲಿ ಹಿಂದೆಯೂ ಇದ್ದರು, ಇಂದಿಗೂ ಇದ್ದಾರೆ. ಅವರ ವಾದ ಸರಳವಾದುದು. ಪಾಳಿಯುದ್ದಕ್ಕೂ ಮಗ್ಗದ ಸದ್ದಿನಲ್ಲಿ ನಿಂತವನ ಕಿವಿ ಮಂದವಾಗಿರುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ತಕ್ಕಡಿ ಹಿಡಿದು ಉದ್ರಿ ಬರೆದುಕೊಳ್ಳುವವನ ಮನಸ್ಸು ಗಲ್ಲಾಪೆಟ್ಟಿಗೆಯಲ್ಲಿರುತ್ತದೆ. ಆದ್ದರಿಂದ ಕಾವ್ಯದ ಗುಣದೋಷ ತೀರ್ಮಾನಿಸುವ ಕೆಲಸ ಬಲ್ಲವರಿಗಿರಲಿ, ಇವರಿಗೆ ಸಿನೆಮಾ ಹಾಡು ಸಾಕು! ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಆದರೆ ಯಾವುದೇ ಕವಿಗೋಷ್ಠಿಯ ಆಮಂತ್ರಣ ಪತ್ರಿಕೆಯನ್ನು ತೆಗೆದು ನೋಡಿ. ಅಧ್ಯಕ್ಷರ ಹೆಸರಿದೆ, ಉದ್ಘಾಟಕರ ಹೆಸರಿದೆ, ಆಶಯ ಭಾಷಣದವರ ಹೆಸರಿದೆ, ವಂದನಾರ್ಪಣೆಯವರ ಹೆಸರೂ ಇದೆ. ಕೇಳುವವರಿಗೆ ಇರುವುದು ಒಂದೇ ಒಂದು ಸಾಲು: ‘ತಮಗೆ ಆದರದ ಸ್ವಾಗತ’.

ಈ ಮಹಾಶಯರಿಗೆ ಉತ್ತರವಾಗಿ ನಾವು ಇಂದು ಒಬ್ಬ ಕಟ್ಟಡ ಕೆಲಸಗಾರನ ಕಥೆಯನ್ನು ಮುಂದಿಡುತ್ತೇವೆ. ಹೆಸರು ಮಾರ್ಕ್ ಕೆಲ್ಲಿ ಸ್ಮಿತ್. ಊರು ಅಮೆರಿಕದ ಷಿಕಾಗೋ.

ಷಿಕಾಗೋ ಎಂದರೆ ಕೆಲಸಗಾರರಿಗೆ ಹೊಸದಾಗಿ ಪರಿಚಯ ಹೇಳಬೇಕಾದ ಊರಲ್ಲ. ಎಂಟು ಗಂಟೆಯ ದುಡಿಮೆಗಾಗಿ ೧೮೮೬ರ ಮೇ ತಿಂಗಳಲ್ಲಿ ಹೋರಾಟ ನಡೆದದ್ದೂ, ಹೇ ಮಾರ್ಕೆಟ್ ಚೌಕದಲ್ಲಿ ರಕ್ತ ಹರಿದದ್ದೂ, ಮರುವರ್ಷ ನವೆಂಬರ್ ೧೧ರಂದು ನಾಲ್ವರನ್ನು ಗಲ್ಲಿಗೇರಿಸಿದ್ದೂ ಅಲ್ಲಿಯೇ. ಅದೇ ಊರಿನ ಆಗ್ನೇಯ ಭಾಗ ಉಕ್ಕಿನ ಕಾರ್ಖಾನೆಗಳ ಹೊಗೆಯಲ್ಲಿ ಬೆಳೆದದ್ದು. ಸ್ಮಿತ್ ಬೆಳೆದದ್ದು ಆ ಕಡೆಯಲ್ಲಿ. ೧೯೮೦ರ ಮಾರ್ಚಿಯಲ್ಲಿ ಅಲ್ಲಿನ ವಿಸ್ಕಾನ್ಸಿನ್ ಸ್ಟೀಲ್ ಕಾರ್ಖಾನೆ ಬಾಗಿಲು ಹಾಕಿತು. ಮೂರು ಸಾವಿರಕ್ಕೂ ಹೆಚ್ಚು ಜನ ಬೀದಿಗೆ ಬಿದ್ದರು. ಕೈಗೆ ಕೊಟ್ಟಿದ್ದ ಸಂಬಳದ ಚೆಕ್ಕುಗಳೂ ಬ್ಯಾಂಕಿನಲ್ಲಿ ನಡೆಯಲಿಲ್ಲ. ೧೯೯೨ರಲ್ಲಿ ಇನ್ನೂ ದೊಡ್ಡದಾದ ಸೌತ್ ವರ್ಕ್ಸ್ ಮುಚ್ಚಿತು. ಗಿರಣಿ ಮುಚ್ಚಿದರೆ ಓಣಿ ಹೇಗಾಗುತ್ತದೆ, ಓಣಿಯ ಕಿರಾಣಿ ಅಂಗಡಿ ಹೇಗಾಗುತ್ತದೆ ಎಂಬುದನ್ನು ನಮ್ಮ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ.

ಹತ್ತೊಂಬತ್ತನೆಯ ವಯಸ್ಸಿನಿಂದ ಕವಿತೆ ಬರೆಯುತ್ತಿದ್ದ ಸ್ಮಿತ್ ಹೊಟ್ಟೆಪಾಡಿಗೆ ವರ್ಷಾನುಗಟ್ಟಲೆ ಕಟ್ಟಡ ಕೆಲಸ ಮಾಡಿದವನು. ಬರೆದದ್ದನ್ನು ಹಿಡಿದುಕೊಂಡು ಊರಿನ ಕಾವ್ಯವಾಚನಗಳಿಗೆ ಹೋದ. ಕಂಡದ್ದೇನು? ಕವಿ ತಲೆ ತಗ್ಗಿಸಿ ಕಾಗದಕ್ಕೆ ಓದುತ್ತಾನೆ. ಕೇಳಲು ಕುಳಿತವರೂ ಕವಿಗಳೇ, ತಮ್ಮ ಸರದಿಗಾಗಿ ಕಾಯುತ್ತಿರುವವರು. ಅರ್ಥವಾಗಲಿ ಬಿಡಲಿ, ಮುಗಿದ ಮೇಲೆ ನಾಲ್ಕು ಮೆಲ್ಲನೆಯ ಚಪ್ಪಾಳೆ. ಹೊರಗೆ ಬೀದಿಯಲ್ಲಿ ಸಾವಿರಾರು ಜನ ನಡೆದು ಹೋಗುತ್ತಿದ್ದಾರೆ, ಒಬ್ಬನೂ ಒಳಗೆ ಇಣುಕುವುದಿಲ್ಲ. ತಪ್ಪು ಜನರದಲ್ಲ, ವೇದಿಕೆಯದು ಎಂದು ಈತ ತೀರ್ಮಾನಿಸಿದ. ನಮ್ಮ ದೃಷ್ಟಿಯಲ್ಲಿ ಆತನ ಇಡೀ ಜೀವಮಾನದ ಕೆಲಸ ಈ ಒಂದು ತೀರ್ಮಾನದಿಂದ ಹುಟ್ಟಿದ್ದು.

೧೯೮೪ರ ನವೆಂಬರಿನಲ್ಲಿ ಗೆಟ್ ಮಿ ಹೈ ಎಂಬ ಸಣ್ಣ ಜಾಜ್ ಸಂಗೀತದ ಮದ್ಯದಂಗಡಿಯಲ್ಲಿ ಸೋಮವಾರದ ರಾತ್ರಿಗಳಂದು ಕಾವ್ಯವಾಚನ ಆರಂಭಿಸಿದ. ಕವಿತೆಯನ್ನು ಓದುವುದಷ್ಟೇ ಅಲ್ಲ, ಮೈ ಕೈ ದನಿಯೆಲ್ಲ ಸೇರಿಸಿ ಆಡಿ ತೋರಿಸುವ ಒಂದು ಗುಂಪನ್ನೂ ಕಟ್ಟಿದ. ೧೯೮೬ರ ಜುಲೈ ತಿಂಗಳಲ್ಲಿ, ಮೇ ದಿನದ ಹೋರಾಟಕ್ಕೆ ಸರಿಯಾಗಿ ನೂರು ವರ್ಷ ತುಂಬಿದ ವರ್ಷ, ಅಪ್‌ಟೌನ್ ಬಡಾವಣೆಯ ಗ್ರೀನ್ ಮಿಲ್ ಎಂಬ ಹಳೆಯ ಅಂಗಡಿಗೆ ಬಂದ. ಹೆಸರಿನಲ್ಲಿ ಮಿಲ್ ಇದ್ದರೂ ಅದು ಗಿರಣಿಯಲ್ಲ. ಅಲ್ ಕಪೋನನ ಕಾಲದ ದರೋಡೆಕೋರರು ಕುಳಿತು ಕುಡಿಯುತ್ತಿದ್ದ ಸ್ಥಳ. ಅದರ ಹೊಸ ಮಾಲೀಕ ಡೇವ್ ಜೆಮಿಲೊ ಭಾನುವಾರದ ಸಂಜೆಗಳನ್ನು ಸ್ಮಿತ್‌ನಿಗೆ ಬಿಟ್ಟುಕೊಟ್ಟ. ಒಬ್ಬ ಅಂಗಡಿಕಾರ ಕಾವ್ಯಕ್ಕೆ ಜಾಗ ಕೊಟ್ಟ ಎಂಬುದನ್ನು ನಮ್ಮ ವ್ಯಾಪಾರಿ ಮಿತ್ರರು ಗಮನಿಸಬೇಕು. ವಿಶ್ವವಿದ್ಯಾಲಯ ಕೊಟ್ಟಿರಲಿಲ್ಲ.

ಹೆಂಡದಂಗಡಿಯಲ್ಲಿ ಸರಸ್ವತಿಯೇ ಎಂದು ಮೂಗು ಮುರಿಯುವವರು ಇಲ್ಲಿ ಮುರಿಯಲಿ. ಕುಡಿತದ ವಿಷಯದಲ್ಲಿ ನಮ್ಮ ನಿಲುವು ಎಲ್ಲರಿಗೂ ತಿಳಿದದ್ದೇ. ಆದರೆ ದುಡಿದು ಬಂದವರು ಸಂಜೆ ಸೇರುವ ಜಾಗ ಆ ಊರಿನಲ್ಲಿ ಅದು. ಜನ ಇದ್ದಲ್ಲಿಗೆ ಕವಿ ಹೋಗಬೇಕೋ, ಕವಿ ಇದ್ದಲ್ಲಿಗೆ ಜನ ಬರಬೇಕೋ?

ಗ್ರೀನ್ ಮಿಲ್‌ನಲ್ಲಿ ನಡೆದದ್ದು ಇಷ್ಟು. ಮೊದಲು, ಯಾರು ಬೇಕಾದರೂ ಹೆಸರು ಕೊಟ್ಟು ಮೇಲೆ ಹತ್ತಬಹುದು. ಆಮೇಲೆ ಆಹ್ವಾನಿತ ಕವಿ. ಕೊನೆಯ ಭಾಗ ತುಂಬಿಸಲು ಸರಕು ಸಾಲದೆ ಹೋದಾಗ ಸ್ಮಿತ್ ಒಂದು ಆಟ ಹೂಡಿದ: ಕವಿಗಳ ನಡುವೆ ಪಂದ್ಯ, ತೀರ್ಪು ಸಭಿಕರದು. ಆರಂಭದಲ್ಲಿ ಚಪ್ಪಾಳೆ ಮತ್ತು ಕೂಗಾಟವೇ ತೀರ್ಪು. ಮುಂದೆ ಸಭಿಕರಲ್ಲಿಯೇ ಸಿಕ್ಕ ಕೆಲವರನ್ನು ಎಬ್ಬಿಸಿ, ಕೈಗೆ ಅಂಕದ ಹಲಗೆ ಕೊಟ್ಟು, ಸೊನ್ನೆಯಿಂದ ಹತ್ತರವರೆಗೆ ತೂಗಿರಿ ಎಂದ. ಇದಕ್ಕೆ ಬೇಸ್‌ಬಾಲ್ ಆಟದಿಂದ ಹೆಸರೆತ್ತಿಕೊಂಡು ‘ಸ್ಲಾಮ್’ ಎಂದು ಕರೆದರು. ಆ ಆಟದಲ್ಲಿ ಒಂದೇ ಹೊಡೆತಕ್ಕೆ ನಾಲ್ವರು ಮನೆ ಮುಟ್ಟುವುದಕ್ಕೆ ಆ ಹೆಸರು.

ತಕ್ಕಡಿ ಗಿರಾಕಿಯ ಕೈಗೆ ಬಂದರೆ ಅಂಗಡಿಯ ರೀತಿ ಹೇಗೆ ಬದಲಾಗುತ್ತದೆ ಎಂಬುದನ್ನು ಬಲ್ಲವರು ನಮ್ಮ ಓದುಗರು. ಇಲ್ಲಿಯೂ ಹಾಗೆಯೇ ಆಯಿತು. ಕವಿತೆ ಹಿಡಿಸದಿದ್ದರೆ ಸಭಿಕರು ಬೆರಳು ಚಿಟಿಕೆ ಹೊಡೆಯುತ್ತಿದ್ದರು. ಇನ್ನೂ ಹಿಡಿಸದಿದ್ದರೆ ಕಾಲು ನೆಲಕ್ಕೆ ಅಪ್ಪಳಿಸುತ್ತಿದ್ದರು. ಕವಿ ಹೆಣ್ಣನ್ನು ಹೀನಾಯವಾಗಿ ಮಾತನಾಡಿದರೆ ಹೆಂಗಸರು ಒಟ್ಟಾಗಿ ‘ಹಿಸ್’ ಎನ್ನುತ್ತಿದ್ದರು. ಸುಳ್ಳು ಗಾಂಭೀರ್ಯ ಅಲ್ಲಿ ಎರಡು ನಿಮಿಷ ನಿಲ್ಲುತ್ತಿರಲಿಲ್ಲ. ಮಾಲಿಕೆಯ ಜನಕನೆನಿಸಿದವನಿಗೂ ವಿನಾಯಿತಿ ಇರಲಿಲ್ಲ. ಸ್ಮಿತ್ ವೇದಿಕೆಗೆ ಬಂದು ತನ್ನ ಹೆಸರು ಹೇಳಿದೊಡನೆ ಇಡೀ ಅಂಗಡಿ ಒಕ್ಕೊರಲಿನಿಂದ ‘ಆದರೇನಂತೆ!’ ಎಂದು ಕೂಗುವುದು ಅಲ್ಲಿನ ಪದ್ಧತಿಯಾಯಿತು. ಅದನ್ನು ನಿಲ್ಲಿಸುವ ಬದಲು ಆತ ಬೆಳೆಸಿದ. ಹಾರ ತುರಾಯಿಗಳ ಭಾರಕ್ಕೆ ಕತ್ತು ಬಗ್ಗಿಸಿ ಕೂರುವ ನಮ್ಮ ಗೋಷ್ಠಿಯ ಅಧ್ಯಕ್ಷರುಗಳನ್ನು ಸ್ವಲ್ಪ ನೆನೆಯಿರಿ.

ಈ ಆಟ ಊರೂರಿಗೆ ಹಬ್ಬಿತು. ನ್ಯೂಯಾರ್ಕಿನಲ್ಲಿ ಪೋರ್ಟೋ ರಿಕೋ ಮೂಲದ ಬಡವರು ಕಟ್ಟಿಕೊಂಡಿದ್ದ ನ್ಯೂಯೊರಿಕನ್ ಕವಿಗಳ ಕೆಫೆ ಇದನ್ನು ಎತ್ತಿಕೊಂಡಿತು. ೧೯೯೦ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ರಾಷ್ಟ್ರಮಟ್ಟದ ಸ್ಪರ್ಧೆ ನಡೆದು ಷಿಕಾಗೋ ತಂಡ ಗೆದ್ದಿತು. ನಿಯಮಗಳು ಗಟ್ಟಿಯಾದವು: ಸ್ವಂತ ಕವಿತೆಯೇ ಆಗಬೇಕು; ವೇಷ, ವಾದ್ಯ, ಸಾಮಗ್ರಿ ಕೂಡದು; ಮೂರು ನಿಮಿಷ, ಮೇಲೆ ಹತ್ತು ಸೆಕೆಂಡು ರಿಯಾಯಿತಿ; ಐವರು ತೀರ್ಪುಗಾರರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದುಹಾಕಿ ಉಳಿದ ಮೂರು ಅಂಕಗಳ ಮೊತ್ತ. ತೀರ್ಪುಗಾರನಿಗೆ ಪದವಿ ಬೇಡ, ಶಿಫಾರಸು ಬೇಡ. ಸ್ಪರ್ಧಿಗಳ ಬಂಟನಲ್ಲದಿದ್ದರೆ ಸಾಕು. ಆ ಮೊದಲ ಸ್ಪರ್ಧೆಯಲ್ಲಿ ವ್ಯಕ್ತಿಗತವಾಗಿ ಗೆದ್ದವಳು ಷಿಕಾಗೋದ ಕರಿಯ ಹೆಣ್ಣುಮಗಳು ಪ್ಯಾಟ್ರಿಷಿಯಾ ಸ್ಮಿತ್. ಆಕೆ ಒಟ್ಟು ನಾಲ್ಕು ಸಲ ಗೆದ್ದಳು. ಹೆಂಡದಂಗಡಿಯ ಜನ ಆರಿಸಿದ ಈ ಕವಯಿತ್ರಿಗೆ ೨೦೨೧ರಲ್ಲಿ ಅಮೆರಿಕದ ದೊಡ್ಡ ಕಾವ್ಯ ಪ್ರಶಸ್ತಿಗಳಲ್ಲಿ ಒಂದಾದ ರೂತ್ ಲಿಲ್ಲಿ ಪ್ರಶಸ್ತಿ ಬಂದಿತು. ಬಲ್ಲವರ ತಕ್ಕಡಿ ಕೂಗಾಡುವವರ ತಕ್ಕಡಿಗಿಂತ ಮೂವತ್ತೊಂದು ವರ್ಷ ತಡವಾಗಿ ತೂಗಿತು ಎಂದಷ್ಟೇ ನಾವು ಹೇಳುತ್ತೇವೆ.

ಬಲ್ಲವರು ಸುಮ್ಮನಿದ್ದರೇ? ಯೇಲ್ ವಿಶ್ವವಿದ್ಯಾಲಯದ ಹೆರಾಲ್ಡ್ ಬ್ಲೂಮ್ ಅಮೆರಿಕದ ವಿಮರ್ಶಕರಲ್ಲಿ ದೊಡ್ಡ ಹೆಸರು. ೨೦೦೦ದಲ್ಲಿ ‘ಪ್ಯಾರಿಸ್ ರಿವ್ಯೂ’ ಪತ್ರಿಕೆಯಲ್ಲಿ ಆತ ಈ ಸ್ಲಾಮ್ ಎಂಬುದು ಕಲೆಯ ಸಾವು ಎಂದು ಸಾರಿದ. ಕಲೆ ಸತ್ತಿತೆಂದು ಶೋಕಿಸುವವರು ಅದು ತಮ್ಮ ಮನೆಯ ಕೋಣೆಯಲ್ಲಿ ಎಷ್ಟು ಕಾಲದಿಂದ ಹಾಸಿಗೆ ಹಿಡಿದಿತ್ತು ಎಂಬುದನ್ನೂ ಹೇಳಬೇಕಾಗಿತ್ತು. ಈ ಟೀಕೆಯಲ್ಲಿ ನಿಜದ ಅಂಶವೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಮೂರು ನಿಮಿಷದಲ್ಲಿ ಅಂಕ ಗಿಟ್ಟಿಸಬೇಕೆಂದಾಗ ಒಂದು ಅಚ್ಚು ಹುಟ್ಟಿಕೊಳ್ಳುತ್ತದೆ. ಒಂದೇ ಬಗೆಯ ಏರುದನಿ, ಒಂದೇ ಬಗೆಯ ಕೊನೆಯ ಹೊಡೆತ, ತನ್ನ ಗಾಯವನ್ನೇ ಬಿಚ್ಚಿ ತೋರಿಸಿ ಕನಿಕರ ಕೊಳ್ಳುವ ಚಾಳಿ ಇವೆಲ್ಲ ಸ್ಲಾಮ್ ವೇದಿಕೆಗಳಲ್ಲಿ ಬಂದದ್ದುಂಟು. ಆದರೆ ಬ್ಲೂಮ್‌ನ ಕೋಪ ಆ ಅಚ್ಚಿನ ಮೇಲಲ್ಲ. ಹೇಳಕೇಳದ ಜನ ಅಂಕದ ಹಲಗೆ ಎತ್ತಿದ್ದರ ಮೇಲೆ. ಪಂಡಿತರ ಪರಿಷತ್ತುಗಳಲ್ಲಿ ಅಚ್ಚು ಇಲ್ಲವೇ? ಅಲ್ಲಿಯದು ತಗ್ಗಿದ ದನಿಯ ಅಚ್ಚು, ಅಷ್ಟೇ ವ್ಯತ್ಯಾಸ.

ನಮ್ಮದೇ ಪಾಳೆಯದ ಗೆಳೆಯರು ಇನ್ನೊಂದು ಆಕ್ಷೇಪ ಎತ್ತುತ್ತಾರೆ. ಸ್ಪರ್ಧೆ ಬಂಡವಾಳಶಾಹಿಯ ಗುಣ; ಕವಿಗಳನ್ನು ಕೋಳಿಗಳಂತೆ ಅಂಕಕ್ಕೆ ಬಿಡುವುದು ಸಮಾಜವಾದಿಗಳಿಗೆ ಹೇಗೆ ಒಪ್ಪಿಗೆಯಾದೀತು? ಒಳ್ಳೆಯ ಪ್ರಶ್ನೆ. ಆದರೆ ಬಂಡವಾಳಗಾರನ ಸ್ಪರ್ಧೆಯಲ್ಲಿ ತೂಕದ ಕಲ್ಲು ಬಂಡವಾಳಗಾರನ ಕೈಯಲ್ಲಿರುತ್ತದೆ, ಗೆದ್ದವನು ಸೋತವನ ಅಂಗಡಿಯನ್ನೂ ನುಂಗುತ್ತಾನೆ. ಇಲ್ಲಿ ಸೋತವನು ಮುಂದಿನ ಭಾನುವಾರ ಮತ್ತೆ ಬರುತ್ತಾನೆ. ಅಂಕ ಹಾಕುವವನು ಕಣ್ಣಿಗೆ ಕಂಡ ಯಾರೋ ಒಬ್ಬ. ಆತನ ಅಂಕಕ್ಕೇ ಸಭೆ ಛೀಮಾರಿ ಹಾಕುತ್ತದೆ. ಅಂಕ ಮುಖ್ಯವಲ್ಲ, ಕವಿತೆ ಮುಖ್ಯ ಎಂಬುದು ಆ ಜನರಲ್ಲಿ ಗಾದೆಯಂತೆ ನಿಂತ ಮಾತು. ಪಂದ್ಯ ಎಂಬುದು ಜನರನ್ನು ಕೂರಿಸುವ ನೆಪ. ಇದು ನಮ್ಮ ನಾಡಿಗೆ ಹೊಸದೂ ಅಲ್ಲ. ಬೆಳಗಾವಿ, ಬಿಜಾಪುರ, ಧಾರವಾಡದ ಹಳ್ಳಿಗಳಲ್ಲಿ ಹರದೇಶಿ ನಾಗೇಶಿ ಮೇಳಗಳು ಡಪ್ಪು ತುಂತುಣಿ ಹಿಡಿದು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಸವಾಲು ಜವಾಬು ಹಾಡಿದ್ದನ್ನು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ೧೮೫೭ರಲ್ಲಿ ಹಲಗಲಿಯ ಬೇಡರು ಇಂಗ್ಲಿಷರ ವಿರುದ್ಧ ಎದ್ದ ಕಥೆಯನ್ನು ಜನರ ಬಾಯಿಯಲ್ಲಿ ಉಳಿಸಿದ್ದು ಲಾವಣಿ. ಆ ಲಾವಣಿಕಾರರಿಗೆ ಯಾವ ಅಕಾಡೆಮಿ ಪರವಾನಿಗೆ ಕೊಟ್ಟಿತ್ತು?

ಸ್ಮಿತ್‌ನ ಬದುಕಿನಲ್ಲಿ ನಿಜವಾದ ಪರೀಕ್ಷೆ ಬಂದದ್ದು ಪಂಡಿತರಿಂದಲ್ಲ, ಥೈಲಿ ಹಿಡಿದು ಬಂದವರಿಂದ. ಜನ ಸೇರುವಲ್ಲಿ ಲಾಭ ಮೂಸುವ ಮೂಗು ಯಾವಾಗಲೂ ಇರುತ್ತದೆ. ೧೯೯೮ರಲ್ಲಿ ‘ಸ್ಲಾಮ್’ ಎಂಬ ಹೆಸರಿನ ಚಲನಚಿತ್ರವೇ ಬಂದು ಸನ್‌ಡಾನ್ಸ್ ಉತ್ಸವದಲ್ಲಿ ದೊಡ್ಡ ಬಹುಮಾನ ಪಡೆಯಿತು. ೨೦೦೨ರಿಂದ ೨೦೦೭ರವರೆಗೆ ಎಚ್.ಬಿ.ಒ. ಎಂಬ ಖಾಸಗಿ ದೂರದರ್ಶನ ಕಂಪನಿ ‘ಡೆಫ್ ಪೊಯೆಟ್ರಿ’ ಎಂಬ ಕಾರ್ಯಕ್ರಮ ನಡೆಸಿತು. ಅದೇ ಸರಕು ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಕ್ಕೂ ಏರಿ ೨೦೦೩ರಲ್ಲಿ ಟೋನಿ ಪ್ರಶಸ್ತಿ ಗಿಟ್ಟಿಸಿತು. ಬಡ ಕವಿಗಳಿಗೆ ನಾಲ್ಕು ಕಾಸು ಸಿಕ್ಕಿದ್ದಕ್ಕೆ ನಾವು ಹೊಟ್ಟೆಕಿಚ್ಚು ಪಡುವವರಲ್ಲ. ಆದರೆ ನೋಡಿ, ದೂರದರ್ಶನದ ಪೆಟ್ಟಿಗೆಯೊಳಗೆ ಹೋದೊಡನೆ ಅಂಕದ ಹಲಗೆ ಮಾಯವಾಯಿತು. ಯಾರು ಹಾಡಬೇಕು, ಯಾವುದನ್ನು ಕತ್ತರಿಸಬೇಕು ಎಂಬುದು ಕಂಪನಿಯ ಕೋಣೆಯಲ್ಲಿ ತೀರ್ಮಾನವಾಯಿತು. ಜನ ಹಣ ಕೊಟ್ಟು ನೋಡುವವರಾಗಿ ಉಳಿದರು. ತಕ್ಕಡಿ ಮತ್ತೆ ಸಾಹುಕಾರನ ಕೈಗೆ!

ಸ್ಮಿತ್ ಇದನ್ನು ಸುಮ್ಮನೆ ನುಂಗಿಕೊಳ್ಳಲಿಲ್ಲ. ಮನರಂಜನೆಯ ಹೆಸರಿನಲ್ಲಿ ನಡೆದ ಈ ಶೋಷಣೆ ಕಾವ್ಯ ಪ್ರದರ್ಶನದ ಬೆಲೆಯನ್ನೇ ಕುಗ್ಗಿಸಿತೆಂದು ೨೦೦೯ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೆ ನೇರವಾಗಿ ಹೇಳಿದ. ಅದೇ ವರ್ಷದ ಮೇ ತಿಂಗಳಲ್ಲಿ ಅಧ್ಯಕ್ಷರ ಶ್ವೇತಭವನದಲ್ಲಿಯೇ ಇಂಥ ಕವಿಗಳ ಸಂಜೆ ನಡೆದಿತ್ತು. ಅರಮನೆಯ ಬಾಗಿಲು ತೆರೆದಾಗ ಒಳಗೆ ಓಡುವವರೇ ಹೆಚ್ಚು. ಹೊರಗೆ ನಿಂತು ಇದು ಸರಿಯಲ್ಲ ಎನ್ನುವವನು ಮೂರ್ಖನಂತೆ ಕಾಣುತ್ತಾನೆ. ಆ ಮೂರ್ಖತನಕ್ಕಾಗಿಯೇ ನಾವು ಈ ಮನುಷ್ಯನನ್ನು ಗೌರವಿಸುತ್ತೇವೆ. ಕವಿತೆಯ ದಲ್ಲಾಳಿಗೂ ಕವಿತೆಯ ಸಂಘಟಕನಿಗೂ ಇರುವ ಅಂತರವೂ ಇಲ್ಲಿಯೇ ಕಾಣುವುದು. ದಲ್ಲಾಳಿ ಜನರನ್ನು ಕೂಡಿಸಿ ಮಾರುತ್ತಾನೆ. ಸಂಘಟಕ ಜನರನ್ನು ಕೂಡಿಸಿ ಅಧಿಕಾರವನ್ನು ಅವರಿಗೆ ಬಿಡುತ್ತಾನೆ.

ಆತನನ್ನು ಎಳೆದು ತಂದು ನಮ್ಮ ಪಕ್ಷದ ಸದಸ್ಯನನ್ನಾಗಿ ಮಾಡುವ ಉದ್ದೇಶ ನಮಗಿಲ್ಲ. ಸ್ಮಿತ್ ಸಮಾಜವಾದದ ಪ್ರಣಾಳಿಕೆ ಬರೆದವನಲ್ಲ. ಆತ ಪ್ರದರ್ಶನ ನಡೆಸುವವನು. ಹುಮ್ಮಸ್ಸೂ ಹಟವೂ ಒಟ್ಟಿಗೆ ಇದ್ದವನು. ಆದರೆ ಆತ ವೇದಿಕೆಯ ಮೇಲೆ ಎತ್ತಿಕೊಂಡು ಬಂದ ಹಿರಿಯ ಯಾರು? ಕಾರ್ಲ್ ಸ್ಯಾಂಡ್‌ಬರ್ಗ್. ೧೯೧೬ರಲ್ಲಿ ‘ಷಿಕಾಗೋ ಕವಿತೆಗಳು’ ಪ್ರಕಟಿಸುವ ಮೊದಲು ವಿಸ್ಕಾನ್ಸಿನ್ ಪ್ರಾಂತದಲ್ಲಿ ಸೋಷಿಯಲ್ ಡೆಮೊಕ್ರಾಟ್ ಪಕ್ಷದ ಸಂಘಟಕನಾಗಿ ಊರೂರು ತಿರುಗಿದವನು, ಮಿಲ್ವಾಕಿ ನಗರದ ಸಮಾಜವಾದಿ ಮೇಯರ್ ಎಮಿಲ್ ಸೈಡೆಲ್‌ನ ಕಾರ್ಯದರ್ಶಿಯಾಗಿದ್ದವನು. ಸ್ಯಾಂಡ್‌ಬರ್ಗ್‌ನ ಕವಿತೆಗಳನ್ನು ಜಾಜ್ ವಾದ್ಯಗಳ ಜೊತೆಗೆ ಹೇಳುವ ಪ್ರಯೋಗವನ್ನೇ ಸ್ಮಿತ್ ಮಾಡಿದ. ಒಬ್ಬನಿಂದ ಒಬ್ಬನಿಗೆ ಬಂದ ಸಾಲ ಯಾವುದೆಂದು ಬೇರೆ ಹೇಳಬೇಕೆ?

ಆತ ನೆಟ್ಟದ್ದೆಲ್ಲ ಸೊಂಪಾಗಿ ಬೆಳೆಯಿತೆಂದೂ ಅಲ್ಲ. ರಾಷ್ಟ್ರಸ್ಪರ್ಧೆ ನಡೆಸಲು ೧೯೯೭ರಲ್ಲಿ ಹುಟ್ಟಿದ ಕೇಂದ್ರ ಸಂಸ್ಥೆ ‘ಪೊಯೆಟ್ರಿ ಸ್ಲಾಮ್’ ೨೦೧೮ರಲ್ಲಿ ಬಾಗಿಲು ಹಾಕಿತು. ಆದರೆ ಕೇಂದ್ರ ಮುಳುಗಿದರೆ ಊರುಗಳು ಮುಳುಗಲಿಲ್ಲ. ಜರ್ಮನಿಯಲ್ಲಿ ಊರಿನವರೇ ನಡೆಸಿಕೊಳ್ಳುವ ನೂರಾರು ಸ್ಲಾಮ್‌ಗಳು ಬೆಳೆದು, ೨೦೧೬ರಲ್ಲಿ ಆ ದೇಶದ ಯುನೆಸ್ಕೋ ಸಮಿತಿ ಇದನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೇ ಸೇರಿಸಿತು. ಬೇರು ಊರಿನಲ್ಲಿದ್ದರೆ ಗಿಡ ಉಳಿಯುತ್ತದೆ. ನಮ್ಮ ಸಂಘಟನೆಗಳವರೂ ಇದನ್ನು ಕಿವಿಗೆ ಹಾಕಿಕೊಳ್ಳುವುದು ಒಳ್ಳೆಯದು.

ಈ ಗಿಡದ ಒಂದು ಕೊಂಬೆ ಬೆಂಗಳೂರಿಗೂ ಬಂದಿದೆ. ಕಾಫಿ ಅಂಗಡಿಗಳಲ್ಲಿ ಸ್ಲಾಮ್ ನಡೆಯುವುದುಂಟು, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಓದುವ ಹುಡುಗ ಹುಡುಗಿಯರಲ್ಲಿ ಒಳ್ಳೆಯವರಿದ್ದಾರೆ, ಅವರ ಮೇಲೆ ನಮಗೆ ಮುನಿಸಿಲ್ಲ. ಆದರೆ ಕಟ್ಟಡ ಕೆಲಸಗಾರನೊಬ್ಬ ಹುಟ್ಟುಹಾಕಿದ ಆಟದಲ್ಲಿ ಬೆಂಗಳೂರಿನ ಕಟ್ಟಡ ಕೆಲಸಗಾರನಿಗೆ ಬಾಗಿಲಿನಲ್ಲಿಯೇ ತಡೆಯಾದರೆ ಅದನ್ನು ಏನೆನ್ನಬೇಕು? ಒಂದು ಲೋಟ ಕಾಫಿಗೆ ಅಲ್ಲಿ ಕೇಳುವ ಬೆಲೆಯೇ ಆ ತಡೆ. ಕನ್ನಡದ ನಮ್ಮ ಗೋಷ್ಠಿಗಳಲ್ಲಿ ಕಾಫಿ ಪುಕ್ಕಟೆ, ಆದರೆ ಬಾಯಿ ಕಟ್ಟು.

ಆದ್ದರಿಂದ ನಮ್ಮ ಜಿಲ್ಲೆಯ ಸಾಹಿತ್ಯ ಪ್ರಮುಖರ ಮುಂದೆ ನಾವು ನೇರವಾದ ಬೇಡಿಕೆ ಇಡುತ್ತೇವೆ. ಮುಂದಿನ ಸಮ್ಮೇಳನದಲ್ಲಿ ಮೂವತ್ತು ಕವಿಗಳ ಪಟ್ಟಿಯನ್ನು ಕೋಣೆಯಲ್ಲಿ ಕುಳಿತು ತಯಾರಿಸಬೇಡಿ. ಜಾತಿಗೆ ಇಬ್ಬರು, ತಾಲ್ಲೂಕಿಗೆ ಇಬ್ಬರು, ಶಾಸಕರ ಚೀಟಿ ತಂದವರು ಇಬ್ಬರು ಎಂಬ ಲೆಕ್ಕ ಸಾಕು. ಒಂದು ಸಂಜೆಯನ್ನಾದರೂ, ಎರಡನೆಯ ಪಾಳಿ ಮುಗಿಯುವ ಹೊತ್ತಿಗೆ ಅಲ್ಲ, ಮೊದಲನೆಯ ಪಾಳಿ ಬಿಟ್ಟ ಮೇಲೆ, ಗಿರಣಿಯ ಗೇಟಿನ ಹತ್ತಿರ ಅಥವಾ ಸಂತೆ ಮೈದಾನದಲ್ಲಿ ಇಡಿ. ಹೆಸರು ಕೊಟ್ಟವರೆಲ್ಲ ಹತ್ತಲಿ. ಮೂರು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ, ಅಧ್ಯಕ್ಷರಿಗೂ ಅಷ್ಟೇ. ಹಮಾಲರ ಸಂಘದವನೊಬ್ಬ, ಕಿರಾಣಿ ಅಂಗಡಿಯವನೊಬ್ಬ, ನೂಲು ಖಾತೆಯವನೊಬ್ಬ, ತರಕಾರಿ ಮಾರುವ ಅಮ್ಮ ಒಬ್ಬಳು, ಬೀಡಿ ಕಟ್ಟುವ ಅಕ್ಕ ಒಬ್ಬಳು, ಈ ಐವರ ಕೈಗೆ ಹಲಗೆ ಕೊಡಿ. ಇದಕ್ಕೆ ತಗಲುವ ಖರ್ಚು ಐದು ಸ್ಲೇಟು ಮತ್ತು ಒಂದು ಪೆಟ್ಟಿಗೆ ಬಳಪ. ಅದನ್ನು ನಮ್ಮ ಪತ್ರಿಕೆಯ ಕಚೇರಿಯಿಂದಲೇ ಕಳಿಸಿಕೊಡುತ್ತೇವೆ.